ಕಲ್ಲಿನಿಂದ ಬಿಡುಗಡೆಯಾದ ರಂಜಕ

ಜೀವಿಗಳ ಮೈ ಕಟ್ಟುವ ಆರು ಮುಖ್ಯ ಧಾತುಗಳಲ್ಲಿ ಐದು ಗಾಳಿಯಲ್ಲೋ ನೀರಿನಲ್ಲೋ ಸಲೀಸಾಗಿ ಓಡಾಡುತ್ತವೆ. ಇಂಗಾಲಕ್ಕೆ ಕಾರ್ಬನ್ ಡೈಆಕ್ಸೈಡ್ ಇದೆ. ಸಾರಜನಕ ವಾತಾವರಣವನ್ನೇ ತುಂಬಿಕೊಂಡಿದೆ. ಜಲಜನಕ ಮತ್ತು ಆಮ್ಲಜನಕ ನೀರಿನಲ್ಲೇ ಇವೆ. ಗಂಧಕ ಜ್ವಾಲಾಮುಖಿಯ ಹೊಗೆಯೊಂದಿಗೆ ಅನಿಲವಾಗಿ ಹೊರಬೀಳುತ್ತದೆ. ಆರನೆಯದಾದ ರಂಜಕಕ್ಕೆ ಮಾತ್ರ ಈ ಸೌಲಭ್ಯವಿಲ್ಲ. ಗಾಳಿಯಲ್ಲಿ ನೆಲೆಯಾಗಿ ನಿಂತು ಎಲ್ಲೆಡೆ ಹರಡಬಲ್ಲ ಅನಿಲರೂಪ ಅದಕ್ಕಿಲ್ಲ. ಅದು ಕಲ್ಲಿನಿಂದ ಕರಗಿ ಬರಬೇಕು, ಬಂದ ಮೇಲೆ ಮತ್ತೆ ಕಲ್ಲಾಗುವ ಮುನ್ನ ಕೈಗೆ ಸಿಗಬೇಕು. ಜೀವವೇ ಇಲ್ಲದ ಭೂಮಿಯಲ್ಲಿ, ಸುಮಾರು 400 ಕೋಟಿ ವರ್ಷಗಳ ಹಿಂದೆ, ಇದು ಹೇಗೆ ಸಾಧ್ಯವಾಯಿತು ಎಂಬುದು ಜೀವದ ಉಗಮವನ್ನು ಕುರಿತ ಅಧ್ಯಯನದ ಅತಿ ಕಠಿಣ ಪ್ರಶ್ನೆಗಳಲ್ಲೊಂದು.

ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 700 ಗ್ರಾಂ ರಂಜಕವಿರುತ್ತದೆ. ಅದರಲ್ಲಿ ಶೇ. 85ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿ ಕ್ಯಾಲ್ಸಿಯಂ ಜೊತೆ ಗಟ್ಟಿಯಾಗಿ ಕೂತಿದೆ. ಉಳಿದ ಪಾಲು ಚಿಕ್ಕದು. ಆದರೆ ಬದುಕು ನಡೆಯುವುದು ಆ ಚಿಕ್ಕ ಪಾಲಿನಿಂದಲೇ. ಡಿಎನ್‌ಎ ಮತ್ತು ಆರ್‌ಎನ್‌ಎಗಳಲ್ಲಿ ಒಂದು ಸಕ್ಕರೆ, ಒಂದು ಫಾಸ್ಫೇಟ್, ಮತ್ತೊಂದು ಸಕ್ಕರೆ, ಮತ್ತೊಂದು ಫಾಸ್ಫೇಟ್ ಎಂಬಂತೆ ಉದ್ದಕ್ಕೂ ಸರಪಣಿ ಸಾಗುತ್ತದೆ. ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನ ಅಣುಗಳ ತಲೆಯಲ್ಲಿ ಫಾಸ್ಫೇಟ್ ಇದೆ. ಜೀವಕೋಶದೊಳಗೆ ಶಕ್ತಿಯನ್ನು ಹೊತ್ತು ಹಂಚುವ ಎಟಿಪಿಯಲ್ಲಿ ಸಾಲಾಗಿ ಮೂರು ಫಾಸ್ಫೇಟ್‌ಗಳಿವೆ. ಒಂದು ರಂಜಕದ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕದ ಪರಮಾಣುಗಳು ಕೂಡಿದ ಈ ಪುಟ್ಟ ಗುಂಪನ್ನು ಬಿಟ್ಟು ಬದುಕುವ ಜೀವಿ ಇದುವರೆಗೆ ಸಿಕ್ಕಿಲ್ಲ.

ಇಷ್ಟು ಕಷ್ಟಕ್ಕೆ ಸಿಗುವ ವಸ್ತುವನ್ನೇ ಜೀವ ಏಕೆ ನೆಚ್ಚಿಕೊಂಡಿತು? ಹಾರ್ವರ್ಡ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಫ್ರಾಂಕ್ ವೆಸ್ಟ್‌ಹೈಮರ್ 1987ರಲ್ಲಿ ಇದಕ್ಕೆ ಕೊಟ್ಟ ಉತ್ತರ ಇಂದಿಗೂ ಗಟ್ಟಿಯಾಗಿದೆ. ಫಾಸ್ಫೇಟ್ ಎರಡು ಅಣುಗಳನ್ನು ಒಟ್ಟಿಗೆ ಹಿಡಿದುಕೊಂಡ ಮೇಲೂ ಅದರಲ್ಲಿ ಒಂದು ಋಣ ವಿದ್ಯುದಂಶ ಉಳಿದಿರುತ್ತದೆ. ಆ ಋಣಾಂಶದಿಂದ ಎರಡು ಲಾಭ. ಬಂಧವನ್ನು ಕತ್ತರಿಸಲು ಬರುವ ನೀರಿನ ಅಣುಗಳು ಸುಲಭವಾಗಿ ಹತ್ತಿರ ಸುಳಿಯುವುದಿಲ್ಲ. ಫಾಸ್ಫೇಟ್ ಅಂಟಿಕೊಂಡ ಅಣು ಕೊಬ್ಬಿನ ಪೊರೆಯನ್ನು ದಾಟಿ ಹೊರಗೆ ಸೋರಿಹೋಗುವುದೂ ಇಲ್ಲ. ಡಿಎನ್‌ಎಯ ಒಂದು ಫಾಸ್ಫೇಟ್ ಬಂಧವನ್ನು ಸಾಮಾನ್ಯ ಉಷ್ಣತೆಯ ನೀರಿನಲ್ಲಿ ಕಿಣ್ವದ ನೆರವಿಲ್ಲದೆ ಬಿಟ್ಟರೆ, ಅದು ಒಡೆಯುವ ಅರ್ಧಾಯುಷ್ಯ ಸುಮಾರು 3 ಕೋಟಿ ವರ್ಷ. ಅದೇ ಬಂಧವನ್ನು ಕಿಣ್ವವೊಂದು ಕ್ಷಣಾರ್ಧದಲ್ಲಿ ಬಿಡಿಸಬಲ್ಲದು. ರಂಜಕದ ಹತ್ತಿರದ ಬಂಧುವಾದ ಆರ್ಸೆನಿಕ್ ಕೂಡ ಅಂಥದೇ ಬಂಧಗಳನ್ನು ಕಟ್ಟುತ್ತದೆ, ಆದರೆ ಅವು ನೀರಿಗೆ ಬಿದ್ದ ಕೂಡಲೇ ಕಳಚಿಕೊಳ್ಳುತ್ತವೆ. ದೀರ್ಘಕಾಲ ಬಾಳುವ ಗುಣವೂ ಬೇಕೆಂದಾಗ ಬಿಚ್ಚಿಕೊಳ್ಳುವ ಗುಣವೂ ಒಟ್ಟಿಗೇ ಇರುವುದು ಫಾಸ್ಫೇಟ್‌ನ ಹೆಚ್ಚುಗಾರಿಕೆ.

ತೊಂದರೆ ಇರುವುದು ಪೂರೈಕೆಯಲ್ಲಿ. ಭೂಮಿಯ ಹೊರಪದರದ ತೂಕದಲ್ಲಿ ರಂಜಕದ ಪಾಲು ಸುಮಾರು ಶೇ. 0.1. ಇದೇನೂ ತೀರಾ ಕಡಿಮೆಯಲ್ಲ. ಆದರೆ ಆ ರಂಜಕದ ಬಹುಪಾಲು ಅಪಟೈಟ್ ಎಂಬ ಖನಿಜದಲ್ಲಿ ಕ್ಯಾಲ್ಸಿಯಂ ಜೊತೆ ಬೆಸೆದುಕೊಂಡಿದೆ. ಅಪಟೈಟ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಎಲ್ಲೋ ಒಂದಿಷ್ಟು ಕರಗಿದರೂ ಹೊಳೆಯಲ್ಲಿ, ಕಡಲಿನಲ್ಲಿ ಧಾರಾಳವಾಗಿರುವ ಕ್ಯಾಲ್ಸಿಯಂ ಅದನ್ನು ಹಿಡಿದು ಮತ್ತೆ ಅದೇ ಖನಿಜವನ್ನಾಗಿಸುತ್ತದೆ. ಮೂಳೆಯೂ ಅದೇ ಖನಿಜ ಕುಟುಂಬದ್ದು. ಕರಗದಿರುವ ಈ ಗುಣ ಅಸ್ಥಿಪಂಜರಕ್ಕೆ ವರ, ಆದಿಕಾಲದ ರಸಾಯನಕ್ಕೆ ಅಡ್ಡಿ.

ಕರ್ನಾಟಕದ ರೈತರಿಗೆ ಈ ಅಡ್ಡಿ ಹೊಸದಲ್ಲ. ಸುಣ್ಣದಂಶ ಹೆಚ್ಚಿರುವ ಕಪ್ಪು ಮಣ್ಣಿಗೆ ಶಿಲಾರಂಜಕದ ಪುಡಿಯನ್ನು ಹಾಗೆಯೇ ಹಾಕಿದರೆ ಬೆಳೆಗೆ ದಕ್ಕುವುದು ತೀರಾ ಕಡಿಮೆ. ಡಿಎಪಿ ಗೊಬ್ಬರ ಹಾಕಿದರೂ ಅದರ ಒಂದಷ್ಟು ಪಾಲನ್ನು ಮಣ್ಣಿನ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ 1842ರಲ್ಲಿ ಹಕ್ಕುಪತ್ರ ಪಡೆದ ಸೂಪರ್ ಫಾಸ್ಫೇಟ್ ತಯಾರಿಕೆಯ ತಿರುಳೂ ಇದೇ ಕ್ಯಾಲ್ಸಿಯಂ ಹಿಡಿತವನ್ನು ಸಡಿಲಿಸುವುದು: ಫಾಸ್ಫೇಟ್ ಶಿಲೆಗೆ ಗಂಧಕಾಮ್ಲ ಸುರಿದರೆ ರಂಜಕ ಕರಗುವ ರೂಪಕ್ಕೆ ಬರುತ್ತದೆ. ಗೊಬ್ಬರದ ಕಾರ್ಖಾನೆ ಆಮ್ಲದಿಂದ ಮಾಡುವ ಈ ಕೆಲಸವನ್ನು ಆದಿಭೂಮಿಯಲ್ಲಿ ಯಾವುದು ಮಾಡಿತು ಎಂಬುದೇ ಇಲ್ಲಿನ ಪ್ರಶ್ನೆ.

ಕೊರತೆಯ ಪ್ರಮಾಣ ಎಷ್ಟೆಂದು ನೋಡಬಹುದು. ಇಂದಿನ ಆಳಸಮುದ್ರದ ಒಂದು ಲೀಟರ್ ನೀರಿನಲ್ಲಿ ಕರಗಿರುವ ರಂಜಕ ಒಂದು ಮಿಲಿಗ್ರಾಂನ ಹತ್ತನೆಯ ಒಂದು ಪಾಲಿಗೂ ಕಡಿಮೆ. ಆರ್‌ಎನ್‌ಎಯ ತುಣುಕುಗಳನ್ನು ಪ್ರಯೋಗಶಾಲೆಯಲ್ಲಿ ಕಟ್ಟುವವರು ಬಳಸುವ ದ್ರಾವಣ ಎಷ್ಟೋ ಸಲ ಒಂದು ಮೊಲಾರ್‌ನಷ್ಟು ಗಾಢ, ಅಂದರೆ ಲೀಟರಿಗೆ 31 ಗ್ರಾಂ ರಂಜಕ. ನಡುವಿನ ಅಂತರ ಲಕ್ಷಾಂತರ ಪಟ್ಟು. ಅಷ್ಟು ಗಾಢ ದ್ರಾವಣ ಬಳಸಲು ಕಾರಣವೂ ಇದೆ. ಫಾಸ್ಫೇಟ್ ಸಕ್ಕರೆಗೆ ಅಂಟಿಕೊಳ್ಳುವಾಗ ಒಂದು ನೀರಿನ ಅಣು ಹೊರಬೀಳಬೇಕು. ಸುತ್ತಲೂ ನೀರೇ ತುಂಬಿರುವಾಗ ಈ ಕ್ರಿಯೆ ಮುಂದುವರಿಯಲು ಒಪ್ಪುವುದಿಲ್ಲ. ಹೀಗಾಗಿ ‘ಫಾಸ್ಫೇಟ್ ಸಮಸ್ಯೆ’ ಎಂದು ಕರೆಯಲಾಗುವುದು ವಾಸ್ತವವಾಗಿ ಎರಡು ಸಮಸ್ಯೆಗಳು: ಸಾಕಷ್ಟು ಫಾಸ್ಫೇಟ್ ಎಲ್ಲಿಂದ ಬಂತು, ಬಂದ ಫಾಸ್ಫೇಟ್ ಬೇರೆ ಅಣುಗಳಿಗೆ ಅಂಟಿಕೊಂಡಿದ್ದು ಹೇಗೆ. ಈ ಎರಡನ್ನೂ ಬೆರೆಸಿ ಒಂದೇ ಉತ್ತರ ಹುಡುಕಿದ್ದರಿಂದ ಹಲವು ಚರ್ಚೆಗಳು ಗೋಜಲಾಗಿವೆ.

ಸಮಸ್ಯೆಯನ್ನು ಮೊದಲು ಸ್ಪಷ್ಟವಾಗಿ ಎತ್ತಿ ಹೇಳಿದವರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ಆಡಿಸನ್ ಗ್ಯುಲಿಕ್ ಪ್ರಮುಖರು. ಆಮ್ಲಜನಕವನ್ನು ಕಡಿಮೆ ಹೊಂದಿರುವ ರಂಜಕದ ಲವಣಗಳು ಕ್ಯಾಲ್ಸಿಯಂ ಜೊತೆಗಿದ್ದರೂ ನೀರಿನಲ್ಲಿ ಚೆನ್ನಾಗಿ ಕರಗುತ್ತವೆ, ಆದಿಭೂಮಿಯಲ್ಲಿ ಅಂಥವು ಇದ್ದಿರಬಹುದು ಎಂದು ಅವರು 1955ರಲ್ಲಿ ಬರೆದರು. ಅಂಥ ಲವಣ ಎಲ್ಲಿಂದ ಬರಬೇಕು ಎಂಬುದಕ್ಕೆ ಆಗ ಸರಿಯಾದ ಉತ್ತರವಿರಲಿಲ್ಲ. ಅರ್ಧ ಶತಮಾನದ ಬಳಿಕ ಉತ್ತರವೊಂದು ಆಕಾಶದ ಕಡೆಯಿಂದ ಬಂತು.

ಕಬ್ಬಿಣದ ಉಲ್ಕಾಶಿಲೆಯನ್ನು ಕೊಯ್ದು ನುಣುಪು ಮಾಡಿ ನೋಡಿದರೆ ಕೆಲವೆಡೆ ಬೆಳ್ಳಿಯಂತೆ ಹೊಳೆಯುವ ಸಣ್ಣ ಗೆರೆ, ಚುಕ್ಕೆಗಳು ಕಾಣುತ್ತವೆ. ಅದು ಶ್ರೈಬರ್ಸೈಟ್. ಕಬ್ಬಿಣ, ನಿಕಲ್ ಮತ್ತು ರಂಜಕ ಸೇರಿದ ಖನಿಜ ಅದು, ಆಮ್ಲಜನಕದ ಸೋಂಕು ಅದಕ್ಕಿಲ್ಲ. 2005ರಲ್ಲಿ ಅಮೆರಿಕದ ಮ್ಯಾಥ್ಯೂ ಪಾಸೆಕ್ ಮತ್ತು ಡಾಂಟೆ ಲಾರೆಟ್ಟಾ ಇದನ್ನು ನೀರಿನಲ್ಲಿಟ್ಟಾಗ ಏನಾಗುತ್ತದೆಂದು ತೋರಿಸಿದರು. ಕಬ್ಬಿಣ ತುಕ್ಕು ಹಿಡಿಯುತ್ತ ಹೋದಂತೆ ರಂಜಕ ಫಾಸ್ಫೈಟ್, ಫಾಸ್ಫೇಟ್, ಪೈರೋಫಾಸ್ಫೇಟ್ ಮುಂತಾದ ರೂಪಗಳಲ್ಲಿ ನೀರಿಗಿಳಿಯಿತು. ಇವುಗಳಲ್ಲಿ ಆಮ್ಲಜನಕ ಕಡಿಮೆಯಿರುವ ಫಾಸ್ಫೈಟ್ ಮುಖ್ಯ. ಕ್ಯಾಲ್ಸಿಯಂ ಇದ್ದರೂ ಅದು ಫಾಸ್ಫೇಟ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಕರಗುತ್ತದೆ, ಸಾವಯವ ಅಣುಗಳೊಂದಿಗೆ ಬೆರೆಯಲೂ ಹೆಚ್ಚು ಸಿದ್ಧವಿರುತ್ತದೆ. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ಟೆರೆನ್ಸ್ ಕೀ ಅವರ ತಂಡ ಇನ್ನೊಂದು ಹೆಜ್ಜೆ ಮುಂದಿಟ್ಟಿತು. 1947ರಲ್ಲಿ ರಷ್ಯಾದ ಪೂರ್ವದಂಚಿನಲ್ಲಿ ಬಿದ್ದ ಸಿಖೋಟೆ-ಅಲಿನ್ ಉಲ್ಕೆಯ ತುಣುಕುಗಳನ್ನು ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಗಳ ಆಮ್ಲೀಯ ನೀರಿನಲ್ಲಿ ಕೆಲವು ದಿನ ನೆನೆಸಿಟ್ಟು, ಆಮೇಲೆ ಆ ದ್ರಾವಣವನ್ನು ಒಣಗಿಸಿದಾಗ ಎರಡು ಫಾಸ್ಫೈಟ್‌ಗಳು ಕೂಡಿದ ಪೈರೋಫಾಸ್ಫೈಟ್ ಹುಟ್ಟಿತು. ಎಟಿಪಿಯಲ್ಲಿರುವಂಥದೇ ರಂಜಕ-ಆಮ್ಲಜನಕ-ರಂಜಕ ಕೊಂಡಿ ಅದರಲ್ಲೂ ಇದೆ.

ಇದಕ್ಕೆ ಶಿಲೆಗಳಲ್ಲೂ ಒಂದು ಸಾಕ್ಷ್ಯ ದೊರೆತಿದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸುಮಾರು 350 ಕೋಟಿ ವರ್ಷ ಹಳೆಯ ಕಾರ್ಬೊನೇಟ್ ಶಿಲೆಗಳಲ್ಲಿ ಫಾಸ್ಫೈಟ್ ಉಳಿದಿರುವುದನ್ನು ಪಾಸೆಕ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ಅಂದಿನ ಕಡಲಿನಲ್ಲಿ ಫಾಸ್ಫೇಟ್ ಒಂದೇ ಅಲ್ಲ, ಹೆಚ್ಚು ಕ್ರಿಯಾಶೀಲವಾದ ರಂಜಕವೂ ಕರಗಿತ್ತು ಎಂಬುದಕ್ಕೆ ಇದು ಬಲವಾದ ಸೂಚನೆ. ಆದರೂ ಉಲ್ಕೆಯ ವಾದಕ್ಕೆ ಒಂದು ಮಿತಿಯಿದೆ. ಉಲ್ಕೆಗಳು ಬೀಳುವುದು ಎಲ್ಲೆಂದರಲ್ಲಿ. ಅವುಗಳ ಬಹುಪಾಲು ಅಗಾಧ ಕಡಲಿಗೆ ಬಿದ್ದು ರಂಜಕ ತೆಳುವಾಗಿ ಹರಡಿಹೋಗುತ್ತದೆ. ಕಾಲ ಕಳೆದಂತೆ ಉಲ್ಕಾಪಾತ ಕಡಿಮೆಯಾಗುತ್ತಲೂ ಹೋಯಿತು. ಉಲ್ಕೆ ಬಿದ್ದ ಒಂದು ಹೊಂಡದಲ್ಲಿ ಒಳ್ಳೆಯ ರಸಾಯನ ನಡೆದಿರಬಹುದು. ಜೀವ ಹುಟ್ಟಿ, ನೆಲೆಯೂರಿ, ಹರಡುವವರೆಗೆ ಬೇಕಾದ ನಿರಂತರ ಪೂರೈಕೆ ಮಾತ್ರ ಇದರಿಂದ ಸಿಗುವುದು ಕಷ್ಟ.

ಶ್ರೈಬರ್ಸೈಟ್ ಆಕಾಶದಿಂದಲೇ ಬರಬೇಕೆಂದಿಲ್ಲ, ಸಿಡಿಲಿನಿಂದಲೂ ಹುಟ್ಟಬಹುದು. ಸಿಡಿಲು ನೆಲಕ್ಕೆ ಬಡಿದಾಗ ಮಣ್ಣು ಕ್ಷಣಮಾತ್ರದಲ್ಲಿ ಕರಗಿ ಗಾಜಾಗುತ್ತದೆ. ಬೇರಿನಂತೆ ಕವಲೊಡೆದ ಆ ಗಾಜಿನ ಗಂಟಿಗೆ ಫಲ್ಗುರೈಟ್ ಎಂದು ಹೆಸರು. ಅಮೆರಿಕದ ಇಲಿನಾಯ್ ರಾಜ್ಯದ ಗ್ಲೆನ್ ಎಲಿನ್ ಊರಿನಲ್ಲಿ 2016ರಲ್ಲಿ ಸಿಡಿಲು ಬಡಿದು ಉಂಟಾದ ದೊಡ್ಡ ಫಲ್ಗುರೈಟ್ ಒಂದನ್ನು ಬೆಂಜಮಿನ್ ಹೆಸ್, ಸಾಂಡ್ರಾ ಪಿಯಾಜೊಲೊ ಮತ್ತು ಜೇಸನ್ ಹಾರ್ವೆ ಪರೀಕ್ಷಿಸಿದರು. ಗಾಜಿನೊಳಗೆ ಶ್ರೈಬರ್ಸೈಟ್‌ನ ಸೂಕ್ಷ್ಮ ಗುಂಡುಗಳಿದ್ದವು. 2021ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಇಂದು ವರ್ಷಕ್ಕೆ ಸುಮಾರು 56 ಕೋಟಿ ಮಿಂಚುಗಳು ಹೊಳೆಯುವ ಭೂಮಿಯಲ್ಲಿ ಅಂದು 100 ಕೋಟಿಯಿಂದ 500 ಕೋಟಿ ಹೊಳೆಯುತ್ತಿದ್ದವು. ಅವುಗಳಿಂದ ವರ್ಷಕ್ಕೆ ಹೆಚ್ಚೆಂದರೆ ಹತ್ತು ಟನ್ನಿನ ಆಸುಪಾಸಿನಷ್ಟು ಕರಗಬಲ್ಲ ರಂಜಕ ಸಿಕ್ಕಿರಬಹುದು. ಇಡೀ ಭೂಮಂಡಲಕ್ಕೆ ಇದು ಬಹಳ ಕಡಿಮೆ. ಆದರೆ ಉಲ್ಕಾಪಾತ ಇಳಿದ ಮೇಲೂ ಸಿಡಿಲು ನಿಲ್ಲಲಿಲ್ಲ, ಅದು ಮಳೆ ಬೀಳುವ ನೆಲಕ್ಕೇ ಹೆಚ್ಚು ಬಡಿಯುತ್ತದೆ, ಬಡಿದ ಜಾಗವನ್ನು ಉಲ್ಕೆಯಂತೆ ಧ್ವಂಸ ಮಾಡುವುದೂ ಇಲ್ಲ. ಈ ಮೂರು ಕಾರಣಗಳಿಗಾಗಿ ಸಿಡಿಲಿನ ಮೂಲವನ್ನು ಬದಿಗಿಡಲಾಗದು.

ಜ್ವಾಲಾಮುಖಿಯ ದಾರಿ ಇನ್ನೊಂದು. ಜಪಾನಿನ ಉಸು ಪರ್ವತದ ಬಿಸಿ ಅನಿಲಗಳನ್ನು ತಂಪಾಗಿಸಿ ಪರೀಕ್ಷಿಸಿದ ಯುಕಿಯೊ ಯಾಮಗಾಟ ಮತ್ತು ಸಂಗಡಿಗರು ಅವುಗಳಲ್ಲಿ ಪಾಲಿಫಾಸ್ಫೇಟ್‌ಗಳನ್ನು ಕಂಡರು. 1991ರ ಈ ಶೋಧದ ಮಹತ್ವವಿರುವುದು ಅಂಟಿಕೊಳ್ಳುವ ಸಮಸ್ಯೆಯಲ್ಲಿ: ಫಾಸ್ಫೇಟ್‌ಗಳ ಸರಪಣಿಯಾದ ಪಾಲಿಫಾಸ್ಫೇಟ್ ಶಕ್ತಿ ತುಂಬಿಕೊಂಡು ಬರುವ ಅಣು. ಪ್ರಮಾಣ ಮಾತ್ರ ಅತ್ಯಲ್ಪ.

ಕಡಲನ್ನೂ ಪೂರ್ತಿ ಕೈಬಿಡುವಂತಿಲ್ಲ. ಅಂದಿನ ವಾತಾವರಣದಲ್ಲಿ ಆಮ್ಲಜನಕವಿರಲಿಲ್ಲ, ಹಾಗಾಗಿ ಕಬ್ಬಿಣ ತುಕ್ಕಾಗಿ ತಳ ಸೇರದೆ ಕಡಲಿನಲ್ಲಿ ಕರಗಿಯೇ ಇತ್ತು. ಹೀಗೆ ಕರಗಿದ ಕಬ್ಬಿಣವಿರುವ ನೀರಿನಲ್ಲಿ ಫಾಸ್ಫೇಟ್ ಹಿಂದೆ ಎಣಿಸಿದ್ದಕ್ಕಿಂತ ಬಹಳಷ್ಟು ಹೆಚ್ಚು ಕರಗಿ ಉಳಿಯಬಲ್ಲದು ಎಂದು ಕೇಂಬ್ರಿಡ್ಜ್‌ನ ನಿಕೋಲಸ್ ಟೋಸ್ಕಾ ಅವರ ತಂಡ 2022ರಲ್ಲಿ ಪ್ರಯೋಗಗಳಿಂದ ತೋರಿಸಿತು. ಮೊದಲ ಜೀವಿಗಳು ಕಡಲಿಗೆ ಹರಡಿದ ಕಾಲಕ್ಕೆ ಅವಕ್ಕೆ ರಂಜಕದ ಆಹಾರ ಹೇಗೆ ಸಿಕ್ಕಿತು ಎಂಬುದನ್ನು ಇದು ವಿವರಿಸುತ್ತದೆ. ಪ್ರಯೋಗಶಾಲೆಯ ಗಾಢ ದ್ರಾವಣದ ಮಟ್ಟಕ್ಕೆ ಮಾತ್ರ ತೆರೆದ ಕಡಲು ಏರಲಾರದು.

ಆ ಮಟ್ಟಕ್ಕೆ ಏರಬಲ್ಲ ನೈಸರ್ಗಿಕ ನೀರು ಒಂದೇ ಬಗೆಯದು: ಸೋಡಾ ಸರೋವರಗಳದು. ಇವು ಸಾಮಾನ್ಯ ಉಪ್ಪಿನ ಸರೋವರಗಳಲ್ಲ, ಕಾರ್ಬೊನೇಟ್ ತುಂಬಿದ ಕ್ಷಾರದ ಸರೋವರಗಳು. ಅಮೆರಿಕದ ಮೋನೋ, ಕೆನ್ಯಾದ ಮಗಾಡಿ, ಮಹಾರಾಷ್ಟ್ರದ ಲೋಣಾರ್ ಈ ಜಾತಿಯವು. ಬುಲ್ಡಾಣಾ ಜಿಲ್ಲೆಯ ಲೋಣಾರ್, ಲಕ್ಷಾಂತರ ವರ್ಷಗಳ ಹಿಂದೆ ಉಲ್ಕೆಯೊಂದು ದಖನ್ನಿನ ಕಪ್ಪು ಬಸಾಲ್ಟ್ ಶಿಲೆಗೆ ಅಪ್ಪಳಿಸಿ ಕೊರೆದ, ಸುಮಾರು 1.8 ಕಿ.ಮೀ. ಅಗಲದ ಗುಂಡಿಯ ತಳದಲ್ಲಿದೆ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಗಳವರೆಗೂ ಹಾಸಿಕೊಂಡಿರುವುದು ಇದೇ ಲಾವಾದ ಪದರ. ಲೋಣಾರ್ ನೀರಿನ ಪಿಎಚ್ 10ರ ಆಸುಪಾಸು. ಸೋಪಿನ ನೀರಿನಷ್ಟು ಕ್ಷಾರ.

ಇಂಥ ಸರೋವರ ರೂಪುಗೊಳ್ಳುವ ಬಗೆಯಲ್ಲೇ ರಂಜಕದ ಒಗಟಿಗೆ ಉತ್ತರವಿದೆ. ಮಳೆನೀರು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗಿ ನೆಲ ಸೇರುತ್ತದೆ. ಅದು ಬಸಾಲ್ಟ್‌ನಂಥ ಜ್ವಾಲಾಮುಖಿ ಶಿಲೆಯನ್ನು ನಿಧಾನವಾಗಿ ಕೊರೆದು, ಸೋಡಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಮತ್ತು ಅಪಟೈಟ್‌ನಿಂದ ಬಂದ ಒಂದಿಷ್ಟು ಫಾಸ್ಫೇಟನ್ನು ಹೊತ್ತು ತಗ್ಗಿಗೆ ಹರಿಯುತ್ತದೆ. ಹೊರಹೋಗಲು ದಾರಿಯಿಲ್ಲದ ತಗ್ಗಿನಲ್ಲಿ ನಿಂತ ನೀರು ಬಿಸಿಲಿಗೆ ಆವಿಯಾಗುತ್ತದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಇಂಗಿದಂತೆ ಕರಗಿದ್ದೆಲ್ಲ ಗಾಢವಾಗುತ್ತದೆ. ಆಗ ಮೊದಲು ತಳಕ್ಕಿಳಿಯುವುದು ಕ್ಯಾಲ್ಸಿಯಂ. ಅದನ್ನು ಹಿಡಿಯಲು ಇಲ್ಲಿ ಕಾರ್ಬೊನೇಟ್ ಮತ್ತು ಫಾಸ್ಫೇಟ್ ಎರಡೂ ಪೈಪೋಟಿ ನಡೆಸುತ್ತವೆ. ಸಾಮಾನ್ಯ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು, ಕಾರ್ಬೊನೇಟ್ ಕಡಿಮೆ, ಹಾಗಾಗಿ ಫಾಸ್ಫೇಟ್‌ಗೆ ಉಳಿಗಾಲವಿಲ್ಲ. ಸೋಡಾ ಸರೋವರದಲ್ಲಿ ಕಾರ್ಬೊನೇಟ್‌ನದೇ ಮೇಲುಗೈ. ಕ್ಯಾಲ್ಸಿಯಂ ಎಲ್ಲ ಸುಣ್ಣಕಲ್ಲಿನ ಜಾತಿಯ ಖನಿಜಗಳಾಗಿ ಕೂತುಬಿಡುತ್ತದೆ. ತನ್ನನ್ನು ಹಿಡಿದು ಕಲ್ಲಾಗಿಸುವ ಜೊತೆಗಾರನೇ ಇಲ್ಲದ್ದರಿಂದ ಫಾಸ್ಫೇಟ್ ನೀರಿನಲ್ಲೇ ಉಳಿದು ವರ್ಷದಿಂದ ವರ್ಷಕ್ಕೆ ಒಟ್ಟುಗೂಡುತ್ತದೆ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೊನಾಥನ್ ಟೋನರ್ ಮತ್ತು ಡೇವಿಡ್ ಕ್ಯಾಟ್ಲಿಂಗ್ ಈ ವಿವರಣೆಯನ್ನು ಪ್ರಯೋಗ ಮತ್ತು ಲೆಕ್ಕಾಚಾರಗಳ ಬಲದಿಂದ ಮುಂದಿಟ್ಟರು. ಅವರ ಪ್ರಬಂಧ ಪ್ರಕಟವಾದದ್ದು 2020ರಲ್ಲಿ. ಹೊಳೆನೀರು ಬಂದು ಸೇರುತ್ತಿರುವಾಗಲೇ ಇಂದಿನ ಸೋಡಾ ಸರೋವರಗಳು ಸುಮಾರು 0.1 ಮೊಲಾಲ್ (ಮೊಲಾರ್‌ಗೆ ಹತ್ತಿರದ ಅಳತೆ) ಫಾಸ್ಫೇಟ್ ಮಟ್ಟವನ್ನು ಮುಟ್ಟಬಲ್ಲವು, ಒಳಹರಿವು ನಿಂತು ಒಣಗುವಾಗ 1 ಮೊಲಾಲ್ ಅನ್ನೂ ಮೀರಬಲ್ಲವು. ಪ್ರಯೋಗಶಾಲೆ ಬಯಸುವುದು ಇಷ್ಟನ್ನೇ. ಆದಿಭೂಮಿಯಲ್ಲಿ ಪರಿಸ್ಥಿತಿ ಇನ್ನೂ ಅನುಕೂಲಕರವಾಗಿತ್ತು. ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ್ದುದರಿಂದ ಶಿಲೆಗಳು ಬೇಗ ಕರಗುತ್ತಿದ್ದವು, ಕರಗಿ ಬಂದ ಫಾಸ್ಫೇಟನ್ನು ತಿಂದು ಮುಗಿಸುವ ಸೂಕ್ಷ್ಮಜೀವಿಗಳಿರಲಿಲ್ಲ. ಅದೇ ಅನಿಲ ನೀರಿನ ಕ್ಷಾರತೆಯನ್ನೂ ಹದಕ್ಕಿಳಿಸುತ್ತಿತ್ತು. ಹೆಚ್ಚು ಕ್ಷಾರದಲ್ಲಿ ಆರ್‌ಎನ್‌ಎ ಒಡೆದುಹೋಗುವುದರಿಂದ ಈ ಕೊನೆಯ ಅಂಶ ಸಣ್ಣದಲ್ಲ.

ಲೆಕ್ಕಾಚಾರಕ್ಕೆ ಕಣ್ಣೆದುರಿನ ಪುರಾವೆ ಸಿಕ್ಕಿದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ. ಅಲ್ಲಿನ ಕ್ಯಾರಿಬೂ ಪ್ರಸ್ಥಭೂಮಿಯ ಮೇಲೆ ಲಾಸ್ಟ್ ಚಾನ್ಸ್ ಎಂಬ ಸಣ್ಣ ಸರೋವರವಿದೆ. ಅದರಲ್ಲಿ ಫಾಸ್ಫೇಟ್ ಅಸಾಮಾನ್ಯವಾಗಿ ಹೆಚ್ಚಿದೆ ಎಂಬ ದಾಖಲೆ 1990ರ ದಶಕದ ಅಪ್ರಕಟಿತ ಸ್ನಾತಕೋತ್ತರ ಪ್ರಬಂಧವೊಂದರಲ್ಲಿ ಉಳಿದುಕೊಂಡಿತ್ತು. ಅದನ್ನು ಹಿಡಿದು ಹೊರಟ ಸೆಬಾಸ್ಟಿಯನ್ ಹಾಸ್, ಕಿಂಬರ್ಲಿ ಸಿಂಕ್ಲೇರ್ ಮತ್ತು ಕ್ಯಾಟ್ಲಿಂಗ್ 2021-22ರಲ್ಲಿ ಅಲ್ಲಿಗೆ ಹೋಗಿ ನೀರು, ಕೆಸರು, ಉಪ್ಪಿನ ಹೆಪ್ಪಳಿಕೆಗಳನ್ನು ತಂದು ಪರೀಕ್ಷಿಸಿದರು. ಸರೋವರದ ಆಳ ಒಂದು ಅಡಿಯ ಆಸುಪಾಸು. ಬೇಸಿಗೆ ಮುಗಿಯುವ ಹೊತ್ತಿಗೆ ನೀರು ಇಂಗಿ ಬಿಳಿಯ ಉಪ್ಪಿನ ಹಾಸು ಮೇಲೇಳುತ್ತದೆ, ಕೆಳಗೆ ಕೆಸರು, ನಡುವೆ ಗಾಢ ದ್ರಾವಣ. ಅಡಿಯಲ್ಲಿರುವುದು ಜ್ವಾಲಾಮುಖಿ ಶಿಲೆಯ ನೆಲ. ಜಗತ್ತಿನ ಯಾವುದೇ ನೈಸರ್ಗಿಕ ಸರೋವರದಲ್ಲಿ ದಾಖಲಾದ ಅತಿ ಹೆಚ್ಚಿನ ಫಾಸ್ಫೇಟ್ ಮಟ್ಟ ಇಲ್ಲಿನದು. ಸಾಮಾನ್ಯ ಸರೋವರಗಳ ಸಾವಿರ ಪಟ್ಟಿಗೂ ಮಿಗಿಲು.

ಪಕ್ಕದಲ್ಲೇ ಗುಡ್‌ಎನಫ್ ಎಂಬ ಇನ್ನೊಂದು ಸೋಡಾ ಸರೋವರವಿದೆ. ನೆಲ, ಹವಾಮಾನ ಎರಡೂ ಒಂದೇ ಆದರೂ ಅದರಲ್ಲಿ ಫಾಸ್ಫೇಟ್ ಎಷ್ಟೋ ಕಡಿಮೆ. ಈ ಹೋಲಿಕೆಯೇ ಅಧ್ಯಯನದ ಅತ್ಯಂತ ಬೆಲೆಬಾಳುವ ಭಾಗ. ಗುಡ್‌ಎನಫ್‌ನಲ್ಲಿ ಜೀವಿಗಳು ಸಮೃದ್ಧವಾಗಿವೆ. ಗಾಳಿಯ ಸಾರಜನಕವನ್ನು ಬಳಸಿಕೊಳ್ಳಬಲ್ಲ ಸೈನೋಬ್ಯಾಕ್ಟೀರಿಯಾಗಳು ಅಲ್ಲಿ ಬೆಳೆದು ಫಾಸ್ಫೇಟನ್ನೂ ಖರ್ಚು ಮಾಡುತ್ತವೆ. ಲಾಸ್ಟ್ ಚಾನ್ಸ್‌ನ ಉಪ್ಪಿನಲ್ಲಿ ಅವಕ್ಕೆ ಬೆಳೆಯಲಾಗದು. ಸಾರಜನಕದ ಕೊರತೆಯಿಂದ ಇತರ ಜೀವಿಗಳೂ ಹೆಚ್ಚುವುದಿಲ್ಲ, ಫಾಸ್ಫೇಟ್ ಮುಟ್ಟುವವರಿಲ್ಲದೆ ಉಳಿಯುತ್ತದೆ. ಕೆಸರಿನಲ್ಲಿ ಡಾಲಮೈಟ್ ಧಾರಾಳವಾಗಿ ಸಿಕ್ಕಿತು. ಕ್ಯಾಲ್ಸಿಯಂ ಮತ್ತು ಮೆಗ್ನೀಶಿಯಂ ಹೋಗಿ ಸೇರಿದ್ದು ಅದರೊಳಗೆ. ಲೆಕ್ಕಾಚಾರ ಹೇಳಿದ್ದೂ ಅದನ್ನೇ.

ಈ ಸರೋವರಗಳಿಗೆ ಮತ್ತೊಂದು ಅನುಕೂಲವಿದೆ. ಆರ್‌ಎನ್‌ಎಯ ಬಿಡಿಭಾಗಗಳನ್ನು ಕಟ್ಟಲು ಬೇಕಾದ ಸಯನೈಡ್, ಕಬ್ಬಿಣದೊಂದಿಗೆ ಸೇರಿದ ಲವಣವಾಗಿ ಇಂಥ ನೀರಿನಲ್ಲೇ ಕೂಡಿಕೊಳ್ಳಬಲ್ಲದು ಎಂದು ಟೋನರ್ ಮತ್ತು ಕ್ಯಾಟ್ಲಿಂಗ್ 2019ರಲ್ಲೇ ತೋರಿಸಿದ್ದರು. ಸಯನೈಡ್ ಮೂಲದ ಸರಳ ಅಣುಗಳಿಂದ ಆರ್‌ಎನ್‌ಎಯ ಘಟಕಗಳನ್ನು ಕಟ್ಟುವ ದಾರಿಯನ್ನು ಮ್ಯಾಥ್ಯೂ ಪೌನರ್, ಬೆಯಾಟ್ರಿಸ್ ಗೆರ್ಲಾಂಡ್ ಮತ್ತು ಜಾನ್ ಸದರ್‌ಲ್ಯಾಂಡ್ 2009ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕಂಡುಕೊಂಡರು. ಅವರ ದಾರಿಯಲ್ಲಿ ಫಾಸ್ಫೇಟ್ ಕೊನೆಗೆ ಬಂದು ಸೇರುವ ವಸ್ತುವಲ್ಲ. ಮೊದಲ ಹಂತದಿಂದಲೇ ಪಾತ್ರೆಯಲ್ಲಿದ್ದು ನೀರಿನ ಪಿಎಚ್ ಕಾಯುತ್ತದೆ, ಬೇಕಾದ ಕ್ರಿಯೆಗಳಿಗೆ ವೇಗ ಕೊಡುತ್ತದೆ, ಬೇಡದವನ್ನು ತಡೆಯುತ್ತದೆ. ಫಾಸ್ಫೇಟ್ ಗಾಢವಾಗಿರುವ ನೀರೇ ಬೇಕು ಎಂಬ ವಾದಕ್ಕೆ ಇದಕ್ಕಿಂತ ಬಲವಾದ ಆಧಾರವಿಲ್ಲ.

ಫಾಸ್ಫೇಟ್ ಸಿಕ್ಕಿದ ಮೇಲೂ ಅಂಟಿಕೊಳ್ಳುವ ಸಮಸ್ಯೆ ಉಳಿದೇ ಇರುತ್ತದೆ. ಅದಕ್ಕೂ ಒಣಗುವ ಸರೋವರ ನೆರವಾಗುತ್ತದೆ. ನೀರು ಹೋದರೆ ನೀರಿನ ಅಡ್ಡಿಯೂ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿದ್ದ ಲೆಸ್ಲಿ ಆರ್ಗೆಲ್ ಮತ್ತು ರೋಲ್ಫ್ ಲೋರ್‌ಮನ್ 1971ರಲ್ಲಿ ಫಾಸ್ಫೇಟ್ ಜೊತೆ ಯೂರಿಯಾ ಬೆರೆಸಿ ಒಣಗಿಸಿ ಬಿಸಿ ಮಾಡಿದಾಗ ಆರ್‌ಎನ್‌ಎಯ ಘಟಕಗಳಿಗೆ ಫಾಸ್ಫೇಟ್ ಚೆನ್ನಾಗಿ ಅಂಟಿಕೊಂಡಿತು. ಯೂರಿಯಾ ಅತಿ ಸರಳ ಅಣು, ಆದಿಭೂಮಿಯಲ್ಲಿ ಅದು ಹುಟ್ಟುವುದು ಕಷ್ಟವೇನಲ್ಲ. ಒದ್ದೆಯಲ್ಲೂ ಕೆಲಸ ಮಾಡುವ ಒಂದು ವಸ್ತುವನ್ನು ಅದೇ ರಾಜ್ಯದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ರಾಮನಾರಾಯಣನ್ ಕೃಷ್ಣಮೂರ್ತಿ ಅವರ ತಂಡ ಮುಂದಿಟ್ಟಿದೆ. ಡೈಅಮಿಡೋಫಾಸ್ಫೇಟ್ ಎಂಬ ಆ ಸಂಯುಕ್ತ ಆರ್‌ಎನ್‌ಎಯ ಘಟಕ, ಪ್ರೋಟೀನಿನ ಘಟಕ, ಪೊರೆಯ ಕೊಬ್ಬು ಈ ಮೂರಕ್ಕೂ ನೆರವಾಗುವುದನ್ನು ಅವರು 2018ರಲ್ಲಿ ತೋರಿಸಿದರು. ಉಲ್ಕೆ, ಸಿಡಿಲು, ಜ್ವಾಲಾಮುಖಿಗಳ ರಂಜಕಕ್ಕೆ ಸರಿಯಾದ ಸ್ಥಾನ ಸಿಗುವುದೂ ಇಲ್ಲಿಯೇ. ಪ್ರಮಾಣದಲ್ಲಿ ಕಡಿಮೆಯಾದರೂ ಅದು ಚುರುಕಾದ ರಂಜಕ. ರಾಶಿ ರಾಶಿ ಫಾಸ್ಫೇಟ್ ಸರೋವರದ್ದು, ಅದಕ್ಕೆ ಕೆಲವೆಡೆ ಚಾಲನೆ ಕೊಟ್ಟದ್ದು ಇವು ಎಂದು ಎಣಿಸುವುದು ಈಗಿರುವ ಸಾಕ್ಷ್ಯಕ್ಕೆ ಹೆಚ್ಚು ಹೊಂದುತ್ತದೆ.

ಸೋಡಾ ಸರೋವರದ ವಾದಕ್ಕೂ ಕೊರತೆಗಳಿವೆ. ಆರ್‌ಎನ್‌ಎ ಮಡಚಿಕೊಂಡು ಕೆಲಸ ಮಾಡಲು ಮೆಗ್ನೀಶಿಯಂ ಬೇಕು. ಕ್ಯಾಲ್ಸಿಯಂ ಕಳೆಯುವ ನೀರು ಮೆಗ್ನೀಶಿಯಮ್ಮನ್ನೂ ಬಹುಮಟ್ಟಿಗೆ ಕಳೆದುಬಿಡುತ್ತದೆ. ಲಾಸ್ಟ್ ಚಾನ್ಸ್‌ನಂಥ ಪುಟ್ಟ ಸರೋವರದ ಫಾಸ್ಫೇಟ್, ಜೀವ ಹುಟ್ಟಿ ಬೆಳೆಯತೊಡಗಿದೊಡನೆ ಬರಿದಾಗುತ್ತದೆ ಎಂಬ ಆಕ್ಷೇಪವೂ ಇದೆ. ಜ್ಯೂರಿಕ್‌ನ ಈಟಿಎಚ್ ಸಂಸ್ಥೆಯ ಕ್ರೇಗ್ ವಾಲ್ಟನ್ ಮತ್ತು ಸಂಗಡಿಗರು ಇದಕ್ಕೆ ಕೊಡುವ ಉತ್ತರ ಮೋನೋದಂಥ ದೊಡ್ಡ ಸರೋವರ: ಹೊಳೆಗಳು ಸದಾ ಹೊಸ ರಂಜಕ ತಂದು ಸುರಿಯುತ್ತವೆ, ನೀರು ಹೊರಹೋಗುವುದು ಆವಿಯಾಗಿ ಮಾತ್ರ, ಹಾಗಾಗಿ ಜೀವಿಗಳು ಬಳಸಿಕೊಂಡರೂ ಮಟ್ಟ ಕುಸಿಯುವುದಿಲ್ಲ.

ಇದೇ ರಸಾಯನ ಭೂಮಿಯಾಚೆಗೂ ಕಂಡಿದೆ. ಶನಿಯ ಹಿಮಾವೃತ ಉಪಗ್ರಹ ಎನ್ಸೆಲಾಡಸ್‌ನ ಬಿರುಕುಗಳಿಂದ ಚಿಮ್ಮಿದ ಮಂಜಿನ ಕಣಗಳನ್ನು ಕ್ಯಾಸಿನಿ ನೌಕೆ ಅಳೆದಿತ್ತು. ಆ ಮಾಹಿತಿಯನ್ನು ಮತ್ತೆ ಜಾಲಾಡಿದ ಬರ್ಲಿನ್‌ನ ಫ್ರಾಂಕ್ ಪೋಸ್ಟ್‌ಬರ್ಗ್ ಅವರ ತಂಡ ಕೆಲವು ಕಣಗಳಲ್ಲಿ ಸೋಡಿಯಂ ಫಾಸ್ಫೇಟ್ ಇರುವುದನ್ನು 2023ರಲ್ಲಿ ವರದಿ ಮಾಡಿತು. ಮಂಜಿನ ಕೆಳಗಿನ ಆ ಕಡಲಿನಲ್ಲಿ ಫಾಸ್ಫೇಟ್ ಭೂಮಿಯ ಕಡಲುಗಳಿಗಿಂತ ಕನಿಷ್ಠ ನೂರು ಪಟ್ಟು ಹೆಚ್ಚು. ಕಾರಣ ಸೋಡಾ ಸರೋವರಗಳದೇ: ಆ ಕಡಲಿನ ನೀರಿನಲ್ಲಿ ಕಾರ್ಬೊನೇಟ್ ತುಂಬಿದೆ. ಬೆನ್ನು ಎಂಬ ಕ್ಷುದ್ರಗ್ರಹದಿಂದ ಒಸೈರಿಸ್-ರೆಕ್ಸ್ ನೌಕೆ 2023ರ ಸೆಪ್ಟೆಂಬರ್‌ನಲ್ಲಿ ತಂದ 121.6 ಗ್ರಾಂ ಕಲ್ಲು ಮತ್ತು ದೂಳಿನಲ್ಲಿ ಮೆಗ್ನೀಶಿಯಂ-ಸೋಡಿಯಂ ಫಾಸ್ಫೇಟ್ ಇತ್ತು. ಜೊತೆಗೆ ಸೋಡಾ ಸರೋವರಗಳ ದಡದಲ್ಲಿ ಹೆಪ್ಪುಗಟ್ಟುವ ಟ್ರೋನಾ ಸೇರಿದಂತೆ ಉಪ್ಪುನೀರು ಒಣಗಿ ಉಳಿದ ಲವಣಗಳೂ, ಡಿಎನ್‌ಎ ಮತ್ತು ಆರ್‌ಎನ್‌ಎಗಳ ಅಕ್ಷರಗಳಾದ ಐದೂ ನ್ಯೂಕ್ಲಿಯೋಬೇಸ್‌ಗಳೂ ಇದ್ದವು. ಸೌರಮಂಡಲದ ಮೊದಲ ದಿನಗಳಲ್ಲೇ, ಬೆನ್ನುವಿನ ಮೂಲ ಕಾಯದೊಳಗೆ, ಕಾರ್ಬೊನೇಟ್ ತುಂಬಿದ ನೀರು ಫಾಸ್ಫೇಟನ್ನು ಕರಗಿಸಿ ಇಟ್ಟುಕೊಂಡು ಒಣಗಿತ್ತು.